ಬುಧವಾರದ ಮೊಣಕಾಲು

ನನ್ನ ಕೆಲಸ ಮಂದಿಯನ್ನು ಪ್ರಶ್ನೆ ಕೇಳುವುದು. ಹೀಗೆಂದರೆ ನಮ್ಮ ಮಸ್ಕಿಯಲ್ಲಿ ಯಾರೂ ನಂಬುವುದಿಲ್ಲ. "ಕೇಳಾಕ ಪಗಾರ ಕೊಡ್ತಾರೇನಬೇ? ಹಂಗಾದ್ರ ನಮ್ಮ ಓಣಿ ಹೆಂಗಸ್ರೆಲ್ಲಾ ಇಷ್ಟೊತ್ತಿಗೆ ಸಾವ್ಕಾರರಾಗಬೇಕಿತ್ತು" ಎಂದು ಎದುರುಮನೆಯಾಕೆ ಮುಖಕ್ಕೆ ಹೊಡೆದ ಹಾಗೆ ಅಂದಿದ್ದಳು. ಆದರೆ ಕೊಡುತ್ತಾರೆ. ಸರ್ಕಾರದ ಯೋಜನೆಗಳಿಂದ ಜನಕ್ಕೆ ಏನಾಯಿತು, ಏನಾಗಲಿಲ್ಲ ಎಂದು ಅಧ್ಯಯನ ಮಾಡುವ ಸಂಸ್ಥೆಯೊಂದು ಬೆಂಗಳೂರಿನಲ್ಲಿದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲೂಕುಗಳಲ್ಲಿ ಅವರ ಪರವಾಗಿ ಕೇಳಿ ಬರುವವರು ನಾವು. ಒಂದು ವರ್ಷ ಬಿಸಿಲಿನ ಬಗ್ಗೆ ಕೇಳಿದೆವು. ಸಿಂಧನೂರಿನ ಕಾಲುವೆ ಸೀಮೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರ ಮುಂದೆ ಬದುವಿನ ಮೇಲೆ ಕೊಡೆ ಹಿಡಿದು ನಿಂತು, "ಬಿಸಿಲಿಗೆ ಎಷ್ಟೊತ್ತಿಗೆ ಕೆಲಸ ನಿಲ್ಲಸ್ತೀರಿ?" ಅಂದೆ. "ನೀ ಎಷ್ಟೊತ್ತಿಗೆ ಕೇಳೋದು ನಿಲ್ಲಸ್ತಿ ಹೇಳು, ಅವಾಗ ನಾವೂ ನಿಲ್ಲಸ್ತೀವಿ" ಅಂದರು. ಇನ್ನೊಂದು ವರ್ಷ ಕೋರ್ಟಿಗೆ ತಾರೀಖಿನ ಮೇಲೆ ತಾರೀಖಿಗೆ ಬರುವವರನ್ನು ಕೇಳಿದೆವು. ಅವರಂತೂ ನನ್ನನ್ನೇ ವಕೀಲೆಯೆಂದು ತಿಳಿದು ಕೈಯಲ್ಲಿದ್ದ ಕಾಗದಗಳನ್ನೆಲ್ಲ ನನ್ನ ತೊಡೆಯ ಮೇಲೆ ಸುರಿದಿದ್ದರು.

ಮೂರನೆಯ ಸಲ ಬಂದದ್ದು ಬಸ್ಸು. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ದುಡ್ಡಿಲ್ಲದ ಟಿಕೆಟ್ಟು ಬಂದ ಮೇಲೆ ಅವರು ಎಲ್ಲಿಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ ಎಂದು ತಿಳಿಯಬೇಕಿತ್ತು. ಸಿಂಧನೂರಿನಿಂದ ಮಸ್ಕಿ ಹಾದು ಲಿಂಗಸುಗೂರಿಗೆ ಹೋಗುವ ಬಸ್ಸುಗಳಲ್ಲಿ, ಆ ಮೂರು ಬಸ್‌ಸ್ಟ್ಯಾಂಡುಗಳಲ್ಲಿ, ಟ್ಯಾಬು ಹಿಡಿದುಕೊಂಡು ನಾವಿಬ್ಬರು: ನಾನು ಮತ್ತು ಸಿಂಧನೂರಿನ ನನ್ನ ಗೆಳತಿ. ಬಿಸಿಲಿನ ವರ್ಷದಿಂದ ಒಟ್ಟಿಗೆ ಅಲೆದವರು. ಅವಳದು ಮನೆಯಲ್ಲಿ ದಖನಿ ಉರ್ದು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಬುರ್ಖಾದ ಮೇಲೆ ಸಂಸ್ಥೆಯ ಗುರುತಿನ ಕಾರ್ಡು ಇಳಿಬಿಟ್ಟುಕೊಂಡು, "ಖಾಲಾ, ಚೂರು ಸರಕೊಳ್ರಿ" ಎಂದು ಯಾರನ್ನಾದರೂ ಚಿಕ್ಕಮ್ಮನನ್ನಾಗಿ ಮಾಡಿಕೊಂಡು ಪಕ್ಕದಲ್ಲಿ ತೂರಿ ಕೂತಳೆಂದರೆ ಎರಡೇ ನಿಮಿಷಕ್ಕೆ ಆ ಮನೆಯ ಬಾಣಂತನದ ತನಕ ಮಾತು ಹೋಗಿರುತ್ತಿತ್ತು. ನನಗೆ ಅಷ್ಟು ತಾಳ್ಮೆ ಇಲ್ಲ. ನನಗೆ ಉತ್ತರ ಬೇಕು, ಅದೂ ಬೇಗ ಬೇಕು.

ಫಾರಂನಲ್ಲಿ ಒಂದು ಪ್ರಶ್ನೆ: ಈ ಪ್ರಯಾಣದ ಕಾರಣ. ಕೆಳಗೆ ಒತ್ತಲು ಆಯ್ಕೆಗಳು ಇದ್ದವು. ಕೂಲಿ ಅಥವಾ ನೌಕರಿ, ಓದು, ಸಂತೆ, ದವಾಖಾನೆ, ದೇವರು, ಬೀಗರ ಮನೆ, ಇತರೆ. ಹುಡುಗಿಯರು ಓದು ಅಂದರು, ಕೂಲಿಯವರು ಕೂಲಿ ಅಂದರು. ವಯಸ್ಸಾದ ಹೆಂಗಸರು ಮಾತ್ರ ಒಬ್ಬರಾದ ಮೇಲೆ ಒಬ್ಬರು ಒಂದೇ ಮಾತು ಹೇಳುತ್ತಿದ್ದರು: "ದವಾಖಾನಿಗೆ, ಯವ್ವಾ." ಒತ್ತಿ ಒತ್ತಿ ನನ್ನ ಬೆರಳು ಆ ಜಾಗಕ್ಕೇ ರೂಢಿಯಾಗಿತ್ತು. ಇಷ್ಟು ಜನಕ್ಕೆ ಇಷ್ಟು ಜಡ್ಡು ಇದೆಯಾ ಎಂದು ಮರುಗುತ್ತಿದ್ದೆ.

"ಏ, ಸುಳ್ಳದು" ಎಂದಳು ಗೆಳತಿ ಒಂದು ದಿನ, ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನ ಕಿವಿಯಲ್ಲಿ. "ಆ ಖಾಲಾನ ನೋಡು. ಮೊಳ ಮಲ್ಲಿಗಿ ಮುಡ್ಕೊಂಡಾಳ, ಹೊಸಾ ಇಳಕಲ್ ಸೀರಿ ಉಟ್ಕೊಂಡಾಳ. ದವಾಖಾನಿಗೆ ಹಿಂಗ ಹೋಗ್ತಾರೇನು? ಸೂಜಿ ಮಾಡಿಸ್ಕೊಳ್ಳಾಕೋ, ಸೋಬಾನಕ್ಕೋ?"

"ಬಾಯಿ ಮುಚ್ಚು. ನಮ್ಮ ಅತ್ತಿನೂ ಹೂ ಮುಡ್ಕೊಂಡೇ ದವಾಖಾನಿಗೆ ಹೋಗ್ತಾರ" ಎಂದು ನಾನು ಹರಿಹಾಯ್ದೆ.

ಹೌದು, ಅತ್ತೆಯ ಮೊಣಕಾಲು. ಒಂದು ವರ್ಷದಿಂದ ಪ್ರತಿ ಬುಧವಾರ ಅತ್ತೆ ಒಂಬತ್ತೂವರೆಯ ಬಸ್ಸಿಗೆ ಲಿಂಗಸುಗೂರಿನ ದವಾಖಾನೆಗೆ ಹೋಗಿ ಮಧ್ಯಾಹ್ನದ ಮೇಲೆ ಬರುತ್ತಿದ್ದರು. ನಾನು ಮದುವೆಯಾಗಿ ಬಂದಾಗ ನನಗೆ ಒಲೆಯ ಮುಂದೆ ನೆಟ್ಟಗೆ ರೊಟ್ಟಿ ಬಡಿಯಲೂ ಬರುತ್ತಿರಲಿಲ್ಲ. ಹರಿದ ರೊಟ್ಟಿಗಳನ್ನೆಲ್ಲ ತಮ್ಮ ತಾಟಿಗೆ ಹಾಕಿಕೊಂಡು, ದುಂಡಗಿನವನ್ನು ನಾನು ಬಡಿದದ್ದೆಂದು ಹೇಳಿ ಮಾವನಿಗೆ ಬಡಿಸಿದ ಹೆಣ್ಣುಮಗಳು ಅದು. ಆ ಮೊಣಕಾಲಿಗೆ ನಾನು ಏನು ಮಾಡಲಿಲ್ಲ? ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿದೆ. ಕೊಡ ಎತ್ತಗೊಡಲಿಲ್ಲ. ಬುಧವಾರ ಬಂತೆಂದರೆ ಅವರನ್ನು ಯಾವ ಕೆಲಸಕ್ಕೂ ಹಚ್ಚಲಿಲ್ಲ. ಮಾವ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹೆಂಡತಿಗೆ ಕೆಳಗೆ ಕೂರಲು ಕಷ್ಟವೆಂದು ಮನೆಯಲ್ಲಿ ಕಮೋಡು ಹಾಕಿಸಿದರು. ಓಣಿಯಲ್ಲೇ ಮೊದಲನೆಯ ಕಮೋಡು. ನೋಡಲು ಮಂದಿ ಬಂದಿದ್ದರು.

ಮಾವನದು ಒಂದೇ ತೊಂದರೆ. ನನ್ನ ಫಾರಂಗಿಂತ ಮುಂಚೆಯೇ ನಮ್ಮ ಮನೆಯಲ್ಲಿ ಅವರೊಂದು ಫಾರಂ. ಯಾರೇ ಚಪ್ಪಲಿ ಮೆಟ್ಟಿದರೂ ಬುದ್ಧನ ಫೋಟೋದ ಕೆಳಗಿನ ಕುರ್ಚಿಯಿಂದ ಕನ್ನಡಕ ಏರಿಸಿ, "ಎಲ್ಲಿಗೆ? ಯಾಕ? ಯಾವ ಬಸ್ಸಿಗೆ ವಾಪಸ್?" ಎನ್ನುತ್ತಿದ್ದರು. ಬೇಡ ಅಂದವರಲ್ಲ, ಬೈದವರಲ್ಲ. ಕೇಳುವುದು ಮಾತ್ರ ಕೇಳುತ್ತಿದ್ದರು.

ಅಧ್ಯಯನದ ಉಸ್ತುವಾರಿಗೆ ಬೆಂಗಳೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ತುಂಬಾ ಓದಿದವಳು, ಒಳ್ಳೆಯವಳು, ನಮ್ಮ ಒಗ್ಗರಣೆ ಮಿರ್ಚಿ ತಿಂದು ಕಣ್ಣಲ್ಲಿ ನೀರು ತಂದುಕೊಂಡು "ಸೂಪರ್" ಅನ್ನುವವಳು. ಲಿಂಗಸುಗೂರಿನಲ್ಲಿ ಒಂದು ದಿನ ನಮ್ಮನ್ನು ಕೂರಿಸಿಕೊಂಡು, "ಇಷ್ಟೊಂದು ಜನ ಹೆಂಗಸರು ಆಸ್ಪತ್ರೆಗೇ ಓಡಾಡ್ತಿದಾರೆ. ಇದಕ್ಕೆ ಏನಾದ್ರೂ ಮಾಡಬಹುದಾ ಅಕ್ಕಾ?" ಎಂದು ಕೇಳಿದಳು. ನನ್ನನ್ನು ಯಾರಾದರೂ ಸಲಹೆ ಕೇಳುವುದೇ ಅಪರೂಪ. ನಾನು ಎದೆಯುಬ್ಬಿಸಿ ಹೇಳಿದೆ. ಇವರು ದವಾಖಾನೆಗೆ ಅಲೆಯುವ ಬದಲು ದವಾಖಾನೆಯೇ ವ್ಯಾನಿನಲ್ಲಿ ಓಣಿಗೆ ಬರಲಿ. ನಮ್ಮ ಅತ್ತೆಯೇ ಪ್ರತಿ ಬುಧವಾರ ನೋವು ತಿನ್ನುತ್ತಾ ಇಷ್ಟು ದೂರ ಬರುತ್ತಾರೆ. ನಮ್ಮ ಓಣಿಗೆ ಬುಧವಾರವೇ ಬಂದರೆ ಅವರ ಕಾಲು ಉಳಿಯುತ್ತದೆ. ಹೇಳುವಾಗ ಕಣ್ಣಲ್ಲಿ ನೀರೂ ತಂದುಕೊಂಡೆ. ಆ ಹುಡುಗಿ ಬರೆದುಕೊಂಡಳು. ಯಾವುದೋ ಧರ್ಮಾರ್ಥ ಆಸ್ಪತ್ರೆಯವರೊಂದಿಗೆ ಮಾತಾಡಿ ಮೂರು ತಿಂಗಳು ಪ್ರಯೋಗ ಮಾಡಿ ನೋಡುತ್ತೇವೆ ಎಂದಳು. ನಾನು ಮಸ್ಕಿಗೆ ತೇಲುತ್ತಾ ಬಂದೆ.

ಅದರ ಮುಂದಿನ ಬುಧವಾರ ನನಗೂ ಗೆಳತಿಗೂ ಲಿಂಗಸುಗೂರಿನ ಬಸ್‌ಸ್ಟ್ಯಾಂಡಿನಲ್ಲಿ ಕೆಲಸ. ಹನ್ನೊಂದರ ಹೊತ್ತು. ಕಡೆಯ ಸಿಮೆಂಟು ಬೆಂಚಿನಿಂದ ಒಂದು ನಗು ಕೇಳಿತು. ಗೊತ್ತಿರುವ ನಗುವಲ್ಲ ಅದು, ಆದರೆ ದನಿ ಗೊತ್ತಿತ್ತು. ತಿರುಗಿ ನೋಡಿದರೆ ಅತ್ತೆ! ಬೆಂಚಿನ ಮೇಲೆ ಎರಡೂ ಕಾಲು ಮಡಚಿ, ಹೌದು ಮಡಚಿ, ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಎದುರಿಗೆ ಅವರದೇ ವಯಸ್ಸಿನ ಇನ್ನೊಬ್ಬಾಕೆ. ನಡುವೆ ಬಟ್ಟೆ ಬಿಚ್ಚಿ ಸಜ್ಜೆರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ. ಇಬ್ಬರೂ ಒಬ್ಬರ ತೊಡೆಗೆ ಒಬ್ಬರು ಬಡಿದುಕೊಂಡು ನಗುತ್ತಿದ್ದಾರೆ. ನಮ್ಮತ್ತೆ ಅಷ್ಟು ಬಾಯಿ ತೆರೆದು ನಕ್ಕದ್ದನ್ನು ನಾನು ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಕಂಡಿರಲಿಲ್ಲ.

ನನಗೆ ಅಂಗಾಲಿನಿಂದ ನೆತ್ತಿಗೆ ಉರಿ ಏರಿತು. ಒಂದು ವರ್ಷ! ಬೆಳ್ಳುಳ್ಳಿ ಎಣ್ಣೆ ಕಾಸಿದ್ದು, ಕೊಡ ಹೊತ್ತದ್ದು, ಸಭೆಯಲ್ಲಿ ಕಣ್ಣೀರು ತಂದುಕೊಂಡದ್ದು! ಟ್ಯಾಬನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟೇಬಿಟ್ಟೆ. ಗೆಳತಿ ನನ್ನ ತೋಳು ಹಿಡಿದು ಎಳೆದಳು.

"ಎಲ್ಲಿಗೆ?"

"ಕೇಳ್ತೀನಿ ತಡಿ. ಹಿಂಗ ಸುಳ್ಳು ಹೇಳ್ತಾರೇನು?"

"ಅರೇ ವಾ! ಹೇಳಾಕತ್ತಾಳ ನೋಡು ಸತ್ಯವಂತಿ" ಎಂದವಳೇ ತನ್ನ ಟ್ಯಾಬು ತೆರೆದು ನನ್ನ ಮೂಗಿನ ಮುಂದೆ ಹಿಡಿದಳು. ತರಬೇತಿಯ ದಿನ ಅಭ್ಯಾಸಕ್ಕೆಂದು ನಾವು ಒಬ್ಬರನ್ನೊಬ್ಬರು ಕೇಳಿ ತುಂಬಿದ ಫಾರಂ. ಉತ್ತರ ಕೊಟ್ಟವಳು ನಾನು. ಕಡೆಯ ಸಲ ಬಸ್ಸಿನಲ್ಲಿ ಹೋದದ್ದು ಎಲ್ಲಿಗೆ? ಸಿಂಧನೂರಿಗೆ. ಕಾರಣ? ದವಾಖಾನೆ.

ಆ ದಿನ ನಾನು ಸಿಂಧನೂರಿಗೆ ಹೋದದ್ದು ಇವಳ ಹತ್ತಿರವೇ. ಇಬ್ಬರೂ ಬಳೆ ಇಡಿಸಿಕೊಂಡು, ಗಾಡಿಯ ಮುಂದೆ ನಿಂತು ಮಿರ್ಚಿ ತಿಂದು, ಏನೂ ಕೊಳ್ಳದೆ ಐದಾರು ಸೀರೆ ಅಂಗಡಿ ಹತ್ತಿ ಇಳಿದಿದ್ದೆವು. ಮನೆಯಲ್ಲಿ ಮಾವ "ಯಾಕ?" ಅಂದಾಗ ಹಲ್ಲುನೋವು ಅಂದಿದ್ದೆ. ಮನೆಯಲ್ಲಿ ಹೇಳಿದ್ದು ಫಾರಂನಲ್ಲೂ ಬಂದುಬಿಟ್ಟಿತ್ತು, ಅದೂ ಜೊತೆಗೇ ತಿರುಗಿದವಳ ಮುಂದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೊಸ್ತಿಲು ದಾಟಲು ಕಾರಣ ಬೇಕು. ಸಂತೆ ಅಂದರೆ ಗಂಡಸರೇ ತರುತ್ತಾರೆ, ಬೀಗರ ಮನೆ ಅಂದರೆ ಏನು ವಿಶೇಷ ಎನ್ನುತ್ತಾರೆ. ದವಾಖಾನೆ ಅಂದರೆ ಮಾತ್ರ ಮುಂದಿನ ಪ್ರಶ್ನೆ ಇಲ್ಲ. ಹದಿನಾಲ್ಕು ವರ್ಷ ನಾನೂ ಇದನ್ನೇ ಮಾಡಿದ್ದೆ, ಆದರೂ ಕೈಯಲ್ಲಿ ಟ್ಯಾಬು ಬಂದ ಕೂಡಲೇ ಎಲ್ಲರ ಮಾತೂ ನಂಬಿದ್ದೆ.

"ನೀ ಕಂಬದ ಹಿಂದ ನಿಲ್ಲು. ನಾ ಕೇಳ್ತೀನಿ" ಎಂದು ಗೆಳತಿ ಹೋಗಿ ಬೆಂಚಿನ ತುದಿಗೆ ಕೂತಳು. ಅತ್ತೆ ಅವಳನ್ನು ಎಂದೂ ನೋಡಿರಲಿಲ್ಲ. ನೀವು ಹೇಳಿದ್ದನ್ನು ಯಾರ ಮುಂದೆಯೂ ಆಡುವುದಿಲ್ಲ ಎಂದು ಫಾರಂನ ಮೊದಲ ಮಾತು ಹೇಳಿದಳು. ಕಾರಣ ಕೇಳಿದಳು. "ದವಾಖಾನಿ" ಎಂದರು ಇಬ್ಬರೂ ಒಟ್ಟಿಗೆ.

"ಆತು. ಚೀಲದಾಗ ಏನೈತಿ ಖಾಲಾ?"

ಅದು ಫಾರಂನಲ್ಲಿ ಇಲ್ಲದ ಪ್ರಶ್ನೆ. ಇಬ್ಬರೂ ಮುಖ ಮುಖ ನೋಡಿಕೊಂಡು ಮತ್ತೆ ನಗಲು ಹತ್ತಿದರು. ಅವಳ ಕೈಗೂ ಒಂದು ರೊಟ್ಟಿ ಬಂತು, ರೊಟ್ಟಿಯ ಹಿಂದೆ ಕಥೆ ಬಂತು. ಇಬ್ಬರೂ ಮುದಗಲ್ ಹತ್ತಿರದ ಒಂದೇ ಊರಿನವರು, ಒಂದೇ ಓಣಿಯವರು. ಒಂದೇ ಬೇಸಿಗೆಯಲ್ಲಿ ಮದುವೆಯಾಗಿ ಒಬ್ಬಳು ಮಸ್ಕಿಗೆ, ಒಬ್ಬಳು ಹಟ್ಟಿಗೆ ಹೋದವರು. ಹಟ್ಟಿಯಾಕೆಯ ಮಗ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸಗಾರ, ಕಂಪನಿ ಮನೆ. ಮದುವೆಯಾದ ಮೇಲೆ ಇಬ್ಬರೂ ಭೇಟಿಯಾಗಿಯೇ ಇರಲಿಲ್ಲ. ಹೋದ ವರ್ಷ ಅತ್ತೆ ನಿಜವಾಗಿಯೂ ಮೊಣಕಾಲಿಗೆಂದು ಲಿಂಗಸುಗೂರಿನ ದವಾಖಾನೆಗೆ ಬಂದಾಗ ಚೀಟಿಯ ಸಾಲಿನಲ್ಲಿ ಮುಂದೆ ನಿಂತಿದ್ದಾಕೆ ಇವಳೇ. ಮೊಣಕಾಲು ಎರಡು ತಿಂಗಳಲ್ಲಿ ನೆಟ್ಟಗಾಯಿತು. ಬುಧವಾರ ಮಾತ್ರ ಉಳಿಯಿತು.

"ಒಬ್ಬರ ಮನಿಗೆ ಒಬ್ಬರು ಹೋಗಬಹುದಲ್ಲರಿ?" ಎಂದು ಕೇಳಿದಳು ಗೆಳತಿ.

"ಆಕಿ ನಮ್ಮ ಮನಿಗೆ ಬಂದ್ರ ನಾ ಒಲಿ ಮುಂದ, ಆಕಿ ಪಡಸಾಲ್ಯಾಗ" ಎಂದರು ಅತ್ತೆ. "ನಾ ಹೋದ್ರ ಆಕಿ ಒಲಿ ಮುಂದ. ಮಾತಾಡೋದು ಯಾವಾಗ? ಇಲ್ಲಿ ನೋಡು, ಇಬ್ಬರಿಗೂ ಅಡಗಿ ಮನಿ ಇಲ್ಲ."

ಕಂಬದ ಹಿಂದೆ ನನ್ನ ಸಿಟ್ಟು ಎಲ್ಲಿ ಇಳಿದುಹೋಯಿತೋ ಗೊತ್ತಾಗಲಿಲ್ಲ. ಅದರ ಜಾಗದಲ್ಲಿ ಇನ್ನೊಂದು ಬಂದು ಕೂತಿತು. ವ್ಯಾನು! ಬುಧವಾರವೇ ಬರಲಿ ಎಂದು ಹೇಳಿ ಬಂದವಳು ನಾನು. ಓಣಿಗೇ ದವಾಖಾನೆ ಬಂದ ಮೇಲೆ ಅತ್ತೆ ಯಾವ ಬಾಯಲ್ಲಿ ಲಿಂಗಸುಗೂರು ಅನ್ನಬೇಕು?

ಬೆಂಗಳೂರಿನ ಹುಡುಗಿಗೆ ಅಲ್ಲಿಂದಲೇ ಫೋನು ಮಾಡಿದೆ. "ಅಕ್ಕಾ, ನಾನೇ ಮಾಡೋಣ ಅಂತಿದ್ದೆ! ಬರೋ ಬುಧವಾರ ನಿಮ್ಮ ಓಣಿಯಿಂದಾನೇ ಶುರು. ನಿಮ್ಮದೇ ಐಡಿಯಾ ಅಲ್ವಾ" ಎಂದಳು. ಬೇರೆ ದಿನ ಇಟ್ಟುಕೊಳ್ಳಿ ಎಂದೆ. ಯಾಕೆ ಎಂದಳು. ನನಗೆ ಹೇಳಲು ಬರಲಿಲ್ಲ. ಅತ್ತೆಯ ಉತ್ತರವನ್ನು ಯಾರಿಗೂ ಆಡುವಂತಿರಲಿಲ್ಲ; ಗೆಳತಿ ಮಾತು ಕೊಟ್ಟಿದ್ದಳು, ನಾನು ಕದ್ದು ಕೇಳಿದ್ದೆ. ಏನಿಲ್ಲ ಬಿಡಿ ಎಂದು ಫೋನು ಇಟ್ಟೆ.

ಆಸ್ಪತ್ರೆಯವರು ನನ್ನ ಹೆಸರು ಹೇಳಿ ಓಣಿಯಲ್ಲಿ ಸಾರಿ ಹೋಗಿದ್ದರು; ಮನೆಯಲ್ಲಿ ಮಾವನೇ ಅತ್ತೆಗೆ ಸುದ್ದಿ ಹೇಳಿದರು. "ಕೇಳಿದೇನು? ನಿನ್ನ ಮೊಣಕಾಲಿಗೆ ಅಂತ ನಮ್ಮ ಸೊಸಿ ಡಾಕ್ಟರನ್ನ ಮನಿ ಬಾಗಿಲಿಗೆ ತರಸ್ಯಾಳ. ಇನ್ನ ನೀ ಬಸ್ಸಿನ್ಯಾಗ ಧಕ್ಕಿ ತಿನ್ನೋದು ತಪ್ಪತು." ಅತ್ತೆ ಅಕ್ಕಿ ಆರಿಸುತ್ತಿದ್ದರು. ಕೈ ಒಂದು ಗಳಿಗೆ ನಿಂತಿತು. ಆಮೇಲೆ ನನ್ನ ಕಡೆ ನೋಡಿ, "ಛಲೋ ಮಾಡಿದಿ, ಯವ್ವಾ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತು ಮಾತ್ರ ಆ ವಾರವೆಲ್ಲ ನನ್ನನ್ನು ಚುಚ್ಚಿತು. ಹಟ್ಟಿಯಾಕೆಗೆ ತಿಳಿಸಲೂ ದಾರಿಯಿರಲಿಲ್ಲ. ಆಕೆಯ ಹತ್ತಿರ ಫೋನಿಲ್ಲ, ಇದ್ದ ಒಂದನ್ನು ಮಗ ಶಿಫ್ಟಿಗೆ ಒಯ್ಯುತ್ತಾನೆ ಎಂದು ಅತ್ತೆ ಬೆಂಚಿನ ಮೇಲೆ ಹೇಳಿದ್ದನ್ನು ಕೇಳಿದ್ದೆ. ಬುಧವಾರ ಬಂದು ಒಬ್ಬಳೇ ಕೂರುತ್ತಾಳೆ, ಯಾಕೆ ಬರಲಿಲ್ಲವೆಂದು ತಿಳಿಯದೆ ಹೋಗುತ್ತಾಳೆ.

ಬುಧವಾರ ಒಂಬತ್ತಕ್ಕೆಲ್ಲ ವ್ಯಾನು ಬಂದು ನಮ್ಮ ಕಟ್ಟೆಯ ಮುಂದೆ ನಿಂತಿತು. ನನ್ನ ಗಂಡ ಶಾಲೆಗೆ ಪಾಠ ಹೇಳಲು ಹೋಗಿದ್ದ. ಮನೆಯಲ್ಲಿ ನಾವು ಮೂವರೇ. ಅತ್ತೆ ಎಂದಿನಂತೆ ಎದ್ದು ರೊಟ್ಟಿ ಬಡಿದಿದ್ದರು. ವಾಯರ್ ಬುಟ್ಟಿ ಬಾಗಿಲ ಹಿಂದೆ ತಯಾರಿತ್ತು, ಮೇಲೆ ಬಟ್ಟೆ ಮುಚ್ಚಿತ್ತು. ಅದನ್ನು ಯಾಕೆ ತುಂಬಿದರೋ, ಅವರಿಗೂ ಗೊತ್ತಿರಲಿಕ್ಕಿಲ್ಲ. ಡಾಕ್ಟರಮ್ಮ ಮೊಣಕಾಲು ಒತ್ತಿದಳು, ಮಡಚಿಸಿದಳು, ಚಾಚಿಸಿದಳು. "ಅಮ್ಮಾರ, ನಿಮ್ಮ ಮೊಣಕಾಲು ನನ್ನ ಮೊಣಕಾಲಿಗಿಂತ ಗಟ್ಟಿ ಅದಾವ್ರಿ" ಎಂದಳು.

"ಅದು ಹೆಂಗ?" ಮಾವ ಎದ್ದು ನಿಂತರು. "ವರ್ಷದಿಂದ ಲಿಂಗಸೂರಿಗೆ ಅಲದಾಡಾಕತ್ತಾಳ್ರಿ. ನಾ ಕಮೋಡ ಹಾಕ್ಸೀನಿ!"

ಡಾಕ್ಟರಮ್ಮ ನಗು ತಡೆದುಕೊಂಡು ಪಕ್ಕದ ಮನೆಗೆ ನಡೆದಳು. ಒಂಬತ್ತೂವರೆಯಾಯಿತು. ದೊಡ್ಡ ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಅತ್ತೆ ಆ ಕಡೆ ಕತ್ತು ತಿರುಗಿಸಿ, ಹಾರ್ನು ದೂರಾಗುವ ತನಕ ಹಾಗೆಯೇ ಕೂತರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು. ನನಗೆ ಇನ್ನು ತಡೆಯಲು ಆಗಲಿಲ್ಲ. ಅವರ ಗುಟ್ಟು ನನ್ನದಲ್ಲ, ಸರಿ. ನನ್ನ ಗುಟ್ಟು ನನ್ನದಲ್ಲವೇ?

"ಮಾವಾರ" ಎಂದೆ. "ಅವತ್ತ ನಾ ಸಿಂಧನೂರಿಗೆ ಹಲ್ಲು ತೋರಿಸಾಕ ಅಂತ ಹೋಗಿದ್ನಲ್ಲ, ಹಲ್ಲಿಗೆ ಹೋಗಿರ್ಲಿಲ್ರಿ. ಗೆಳತಿ ಜೋಡಿ ಬಳಿ ಇಡಿಸ್ಕೊಂಡು ಮಿರ್ಚಿ ತಿಂದು ಬಂದೆ. ಅದಕ್ಕೂ ಮೊದಲ ಎರಡ ಸಲ ಹೊಟ್ಟಿ ನೋವು ಅಂದಿದ್ದೆ. ಅದೂ ಸುಳ್ಳರಿ."

ಮಾವ ಕನ್ನಡಕ ತೆಗೆದರು. ಅತ್ತೆ ನನ್ನನ್ನೇ ನೋಡಿದರು. ನನಗೆ ಎಲ್ಲ ಗೊತ್ತಿದೆ ಎಂದು ಅವರಿಗೆ ಆ ಗಳಿಗೆಯಲ್ಲೇ ತಿಳಿಯಿತು. ನಿಧಾನವಾಗಿ ಎದ್ದು, ಬಾಗಿಲ ಹಿಂದಿನಿಂದ ಬುಟ್ಟಿ ತಂದು ಮಾವನ ಮುಂದೆ ಇಟ್ಟರು.

"ನನಗೂ ಮೊಣಕಾಲು ಇಲ್ರಿ. ನಮ್ಮೂರ ಗೆಳತಿ ಒಬ್ಬಾಕಿ ಹಟ್ಟಿಯಿಂದ ಬರ್ತಾಳ. ಇಬ್ಬರೂ ಬಸ್‌ಸ್ಟ್ಯಾಂಡಿನ್ಯಾಗ ಕುಂತು ರೊಟ್ಟಿ ತಿಂತೀವಿ. ಮಾತಾಡ್ತೀವಿ. ಅಷ್ಟ."

ಮಾವನ ಮುಖ ಸಣ್ಣದಾಯಿತು. ಸಿಟ್ಟು ಬರುತ್ತದೆಂದು ನಾನು ಕಾದೆ. ಬಂದದ್ದು ಸಿಟ್ಟಲ್ಲ. "ಇಷ್ಟಕ್ಕ ಸುಳ್ಳು ಹೇಳಿದೇನು? ನಾ ಬ್ಯಾಡ ಅಂತಿದ್ನೇನು?" ಎಂದರು, ದನಿ ಒಡೆದಿತ್ತು.

"ಬ್ಯಾಡ ಅಂತಿರ್ಲಿಲ್ರಿ" ಎಂದರು ಅತ್ತೆ. "ಯಾಕ ಅಂತಿದ್ರಿ."

ಟ್ಯಾಬು ನನ್ನ ಕೈಯಲ್ಲಿತ್ತು. ಆ ಮಾತು ಅವರಿಗಷ್ಟೇ ಅಲ್ಲ, ನನಗೂ ತಾಗಿತು. ಮೂರು ತಾಲೂಕು ತಿರುಗಿ ನಾನು ಕೇಳಿದ್ದೂ ಅದನ್ನೇ. ನಂತರ ಅಧ್ಯಯನ ಏನಾಯಿತೆಂದು ಹೇಳಿಬಿಡುತ್ತೇನೆ. ನನ್ನ ಅಭ್ಯಾಸದ ಫಾರಂ ತೋರಿಸಿ, ನನ್ನದೇ ಸುಳ್ಳು ಹೇಳಿ, ಬೆಂಗಳೂರಿನ ಹುಡುಗಿಗೆ ಅರ್ಥ ಮಾಡಿಸಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ; ಪ್ರಶ್ನೆ ಬದಲಿಸಿ ಮತ್ತೆ ಕೇಳೋಣ ಎಂದಳು. ಈಗ ಫಾರಂನಲ್ಲಿ "ಚೀಲದಲ್ಲಿ ಏನಿದೆ" ಎಂದೂ ಒಂದು ಸಾಲಿದೆ. ವ್ಯಾನೂ ಬರುತ್ತದೆ, ಜಡ್ಡಿರುವವರಿಗೆ ಬೇಕಾಗಿಯೇ ಇತ್ತು. ಬುಧವಾರ ಬರುವುದಿಲ್ಲ.

ಆ ದಿನ ಮಾವ ಒಳಗೆ ಹೋದರು. ಅಂಗಿ ಬದಲಿಸಿ ಬಂದು ಅಂಗಳದಲ್ಲಿದ್ದ ಗಾಡಿಗೆ ಕಿಕ್ ಹೊಡೆದರು. "ಹತ್ತೂವರಿಗೆ ಒಂದು ಬಸ್ ಐತಿ, ಸಿಂಧನೂರಿಂದ ಬರೋದು. ಗಾಡಿ ಹತ್ತು" ಎಂದರು ಅತ್ತೆಗೆ. ಎಲ್ಲಿಗೆ ಎಂದು ಕೇಳಲಿಲ್ಲ, ಯಾವ ಬಸ್ಸಿಗೆ ವಾಪಸ್ ಎಂದೂ ಕೇಳಲಿಲ್ಲ. ನಾನು ಹಿಂದೆ ಓಡುತ್ತಾ ಹೋಗಿ ಅದೇ ಬಸ್ಸು ಹಿಡಿದೆ. ಅತ್ತೆ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಒಂದೇ ಮಾತು ಆಡಿದರು: "ಆಕಿ ಹೋಗಿಬಿಟ್ಟಿರತಾಳ."

ಹೋಗಿರಲಿಲ್ಲ. ಕಡೆಯ ಬೆಂಚಿನ ಮೇಲೆ, ಗಂಟು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅತ್ತೆಯನ್ನು ಕಂಡದ್ದೇ ಎದ್ದು ನಿಂತು ದೊಡ್ಡ ದನಿಯಲ್ಲಿ ಜಗಳಕ್ಕೇ ಬಿದ್ದರು. "ಎರಡು ಹಟ್ಟಿ ಬಸ್ ಹೋದ್ವು, ನಾ ಹತ್ತಲಿಲ್ಲ! ಜೀವ ಕೈಯಾಗ ಹಿಡಕೊಂಡು ಕುಂತೀನಿ. ಎಲ್ಲಿ ಸತ್ತಿದ್ದಿ ಇಷ್ಟೊತ್ತು?"

ಅತ್ತೆ ಆಕೆಯ ಎರಡೂ ಕೈ ಹಿಡಿದುಕೊಂಡರು. ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ.

"ದವಾಖಾನ್ಯಾಗ ತಡಾ ಆತು ಬೇ" ಎಂದರು.